ಮೈಕ್ರೋವೇವ್ ಒಲೆಯ ಉರಿಯ ಹದ

ಒಲೆಯ ಉರಿಯನ್ನು ಹದವರಿತು ಏರಿಸುವುದೂ ಇಳಿಸುವುದೂ ಅಡಿಗೆಯ ಮೊದಲ ಪಾಠ. ಎಸರು ಕುದಿಯುವುದಕ್ಕೆ ದೊಡ್ಡ ಉರಿ ಬೇಕು. ಹಿಟ್ಟು ಸುರಿದು ಮುದ್ದೆಯನ್ನು ಬೇಯಿಸುವಾಗ ಸಣ್ಣ ಉರಿ ಸಾಕು. ಹಾಲು ಉಕ್ಕಿ ಬರುವ ಹೊತ್ತಿಗೆ ಕೊಳ್ಳಿಯನ್ನು ಹಿಂದಕ್ಕೆ ಎಳೆಯಬೇಕು. ಇದನ್ನು ಯಾರೂ ಪುಸ್ತಕ ಓದಿ ಕಲಿತವರಲ್ಲ. ಸೌದೆಯ ಒಲೆಯಲ್ಲಾಗಲಿ ಗ್ಯಾಸಿನ ಒಲೆಯಲ್ಲಾಗಲಿ ಉರಿಯು ಕಣ್ಣಿಗೆ ಕಾಣುತ್ತದೆ. ಅದರ ಬಿಸಿ ಕೈಗೆ ತಗಲುತ್ತದೆ. ಆದುದರಿಂದ ಕಣ್ಣೂ ಕೈಯೂ ತಾವಾಗಿಯೇ ಪಾಠ ಕಲಿಯುತ್ತವೆ. ಮೈಕ್ರೋವೇವ್ ಒಲೆಯಾದರೋ ಉರಿಯಿಲ್ಲದ ಒಲೆ. ಅದರ ಮುಖದ ಮೇಲೆ ನೂರು, ಎಪ್ಪತ್ತು, ಐವತ್ತು, ಮೂವತ್ತು ಎಂಬ ಅಂಕೆಗಳು ಮಾತ್ರ ಇರುತ್ತವೆ. ಈ ಅಂಕೆಗಳ ಅರ್ಥವೇನು, ಯಾವ ಆಹಾರಕ್ಕೆ ಯಾವ ಅಂಕೆ ತಕ್ಕದ್ದು ಎಂಬುದನ್ನು ತಿಳಿಯದೆ, ಎಲ್ಲವನ್ನೂ ಪೂರ್ಣ ಶಕ್ತಿಯಲ್ಲಿಯೇ ಕಾಯಿಸುವ ವಾಡಿಕೆ ಮನೆಮನೆಗಳಲ್ಲಿ ಬೆಳೆದಿದೆ. ಇದರಿಂದ ರುಚಿ ಕೆಡುವುದಷ್ಟೇ ಅಲ್ಲ. ಕೆಲವು ಸಂದರ್ಭಗಳಲ್ಲಿ ಆರೋಗ್ಯಕ್ಕೂ ಕೇಡುಂಟು.

1986ರಲ್ಲಿ ರಚಿತವಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ವಿಶೇಷವಾದ ಪ್ರಸಕ್ತಿಯಿದೆ. ದೊಡ್ಡಬಳ್ಳಾಪುರ ಹಿಂದಿನಿಂದಲೂ ಮಗ್ಗಗಳ ಊರು. ಈಗ ಅಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳೂ ಬಂದಿವೆ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಹಗಲು ರಾತ್ರಿಯೆಂಬ ಭೇದವಿಲ್ಲದೆ ಪಾಳಿಯ ಕೆಲಸ ಮಾಡುವವರು ಹೆಚ್ಚಿದ್ದಾರೆ. ಮನೆಯವರೆಲ್ಲ ಒಂದೇ ಹೊತ್ತಿಗೆ ಕುಳಿತು ಉಣ್ಣುವುದು ಅಪರೂಪವಾದ ಕಡೆ, ಬೆಳಗ್ಗೆ ಮಾಡಿದ ಮುದ್ದೆಯನ್ನೂ ಸಾರನ್ನೂ ರಾತ್ರಿ ಹನ್ನೊಂದಕ್ಕೆ ಬಿಸಿ ಮಾಡಿಕೊಳ್ಳಬೇಕಾಗುತ್ತದೆ. ಅಂಥ ಮನೆಗೆ ಮೈಕ್ರೋವೇವ್ ಒಲೆ ಉಪಕಾರಿಯೇ ಸರಿ. ಆದರೆ ಅದರ ಸ್ವಭಾವವನ್ನು ಅರಿತಿರಬೇಕು.

ಬೆಂಕಿಯಿಲ್ಲದ ಬಿಸಿ

ಬೆಳಕು, ರೇಡಿಯೋ ಅಲೆಗಳು, ಮೈಕ್ರೋವೇವ್‌ಗಳು ಇವೆಲ್ಲ ಒಂದೇ ಕುಲದವು. ಇವುಗಳಿಗೆ ವಿದ್ಯುತ್ಕಾಂತ ತರಂಗಗಳೆಂದು ಹೆಸರು. ಒಂದರಿಂದ ಒಂದಕ್ಕೆ ಇರುವ ವ್ಯತ್ಯಾಸ ಅಲೆಯ ಉದ್ದದಲ್ಲಿ ಮಾತ್ರ. ಮನೆಯ ಒಲೆಯಲ್ಲಿ ಬಳಕೆಯಾಗುವ ತರಂಗದ ಉದ್ದ ಸುಮಾರು 12.2 ಸೆಂಟಿಮೀಟರು, ಅದು ಸೆಕೆಂಡಿಗೆ 245 ಕೋಟಿ ಸಲ ಕಂಪಿಸುತ್ತದೆ. ಈ ಜಾತಿಯ ಕಿರುತರಂಗಗಳನ್ನು ಮೊದಲು ಉತ್ಪಾದಿಸಿ ಪರೀಕ್ಷಿಸಿದವರಲ್ಲಿ ನಮ್ಮ ದೇಶದ ಜಗದೀಶ ಚಂದ್ರ ಬೋಸರು ಅಗ್ರಗಣ್ಯರು. 1895ರ ಸುಮಾರಿಗೆ ಅವರು ಕಲ್ಕತ್ತೆಯಲ್ಲಿ, ತಂತಿಯ ಸಹಾಯವಿಲ್ಲದೆ, ದೂರದಲ್ಲಿದ್ದ ಗಂಟೆಯನ್ನು ಬಾರಿಸಿ ಮದ್ದನ್ನು ಸಿಡಿಸಿ ತೋರಿಸಿದರು.

ಇಂತಹ ತರಂಗಗಳನ್ನು ಹೆಚ್ಚು ಬಲದಿಂದ ಹೊರಡಿಸುವ ಮ್ಯಾಗ್ನೆಟ್ರಾನ್ ಎಂಬ ನಳಿಗೆಯನ್ನು 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ರಾಂಡಲ್ ಮತ್ತು ಬೂಟ್ ಎಂಬ ಇಬ್ಬರು ವಿಜ್ಞಾನಿಗಳು ಸಮರ್ಥವಾದ ರೂಪಕ್ಕೆ ತಂದರು. ಅದರ ಉದ್ದೇಶ ಅಡಿಗೆಯಲ್ಲ; ಶತ್ರುವಿಮಾನಗಳನ್ನು ಪತ್ತೆಹಚ್ಚುವ ರೇಡಾರ್. ಯುದ್ಧ ಮುಗಿಯುವ ಕಾಲಕ್ಕೆ, 1945ರಲ್ಲಿ, ಅಮೆರಿಕದ ರೇಥಿಯಾನ್ ಕಂಪೆನಿಯ ಪರ್ಸಿ ಸ್ಪೆನ್ಸರ್ ಎಂಬ ಇಂಜಿನಿಯರು ಮ್ಯಾಗ್ನೆಟ್ರಾನಿನ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಸಿಹಿತಿಂಡಿ ಕರಗಿಹೋದುದನ್ನು ಕಂಡರು. ಮುಂದೆ ಜೋಳದ ಕಾಳನ್ನು ಇಟ್ಟು ಅರಳು ಮಾಡಿ ನೋಡಿದರು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆ ಆಳೆತ್ತರವಿತ್ತು. ಅದರ ತೂಕ ಸುಮಾರು 340 ಕಿಲೋಗ್ರಾಂ. ಅಡಿಗೆಕೋಣೆಯ ಜಗಲಿಯ ಮೇಲೆ ಕೂರುವಷ್ಟು ಚಿಕ್ಕ ಒಲೆ ಅಮೆರಿಕದ ಮನೆಗಳಿಗೆ ಬಂದುದು 1967ರಲ್ಲಿ.

ಬೆಂಗಳೂರಿಗೂ ಈ ತರಂಗಗಳ ಅಧ್ಯಯನಕ್ಕೂ ಹಳೆಯ ನಂಟಿದೆ. 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಉನ್ನತ ವ್ಯಾಸಂಗ ಮುಗಿಸಿ, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂದಿರುಗಿದರು. ಅವರೂ ಅವರ ಪತಿ ಶಿಶಿರ ಕುಮಾರ ಚಟರ್ಜಿಯವರೂ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿ ಬೆಳೆಸಿದರು. ಆ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ಅಧ್ಯಾಪಕರಾದ ಮೊದಲ ಮಹಿಳೆಯೂ ಅವರೇ.

ಈ ತರಂಗಗಳಿಂದ ಆಹಾರ ಬಿಸಿಯಾಗುವುದು ಹೇಗೆ? ನೀರಿನ ಅಣುವಿನ ಒಂದು ತುದಿಯಲ್ಲಿ ಧನ ವಿದ್ಯುತ್ತೂ ಇನ್ನೊಂದು ತುದಿಯಲ್ಲಿ ಋಣ ವಿದ್ಯುತ್ತೂ ತುಸು ಮಿಗಿಲಾಗಿರುತ್ತವೆ. ತರಂಗದ ವಿದ್ಯುತ್ ಕ್ಷೇತ್ರ ದಿಕ್ಕು ಬದಲಿಸಿದಂತೆಲ್ಲ ಅಣುವೂ ಅದರೊಡನೆ ತಿರುಗಲು ಹವಣಿಸುತ್ತದೆ. ಅಕ್ಕಪಕ್ಕದ ಅಣುಗಳು ಇದಕ್ಕೆ ಎಡೆಗೊಡವು. ಈ ತಿಕ್ಕಾಟದಲ್ಲಿ ತರಂಗದ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಆಹಾರದಲ್ಲಿ ಕರಗಿರುವ ಉಪ್ಪಿನ ಅಯಾನುಗಳೂ ಹಿಂದುಮುಂದಕ್ಕೆ ಓಡಾಡಿ ಶಾಖವನ್ನುಂಟುಮಾಡುತ್ತವೆ. ಒಣಗಿದ ಪಿಂಗಾಣಿ, ಗಾಜುಗಳಲ್ಲಿ ಇಂತಹ ಓಡಾಟವಿಲ್ಲದಿರುವುದರಿಂದ ಅವು ತರಂಗಗಳನ್ನು ಹಾಗೆಯೇ ಒಳಕ್ಕೆ ಬಿಡುತ್ತವೆ. ಸ್ಟೀಲಿನ ಪಾತ್ರೆಯಾದರೆ ತರಂಗಗಳನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಆದುದರಿಂದ ಬುತ್ತಿಯ ಸ್ಟೀಲ್ ಡಬ್ಬಿಯನ್ನು ಈ ಒಲೆಯಲ್ಲಿ ಇಡಲಾಗದು. ಅನ್ನವನ್ನು ಗಾಜಿನ ಇಲ್ಲವೆ ಪಿಂಗಾಣಿಯ ಬಟ್ಟಲಿಗೆ ಹಾಕಿಯೇ ಕಾಯಿಸಬೇಕು.

ಈ ಕಿರಣಗಳಿಂದ ಆಹಾರದಲ್ಲಿ ವಿಕಿರಣ ಉಳಿದೀತೆಂಬ ಅಂಜಿಕೆ ಹಲವರಿಗಿದೆ. ಅದಕ್ಕೆ ಆಧಾರವಿಲ್ಲ. ಎಕ್ಸ್-ಕಿರಣಗಳಂತೆ ಅಣುಗಳನ್ನು ಒಡೆಯುವ ಸಾಮರ್ಥ್ಯ ಮೈಕ್ರೋವೇವ್‌ಗಳಿಗಿಲ್ಲ. ಒಲೆ ನಿಂತ ಕ್ಷಣದಲ್ಲಿಯೇ, ದೀಪ ಆರಿದಾಗ ಬೆಳಕು ಹೋಗುವಂತೆ, ಅವು ಇಲ್ಲವಾಗುತ್ತವೆ. ಬಾಗಿಲು ಸರಿಯಾಗಿ ಮುಚ್ಚದಿರುವ ಒಲೆಯನ್ನು ಬಳಸದಿದ್ದರೆ ಸಾಕು.

ಚಕ್ಕೋತದ ಸಿಪ್ಪೆಯ ಉಪಮಾನ

ಮೈಕ್ರೋವೇವ್ ಒಲೆಯು ಆಹಾರವನ್ನು ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆಂಬ ಮಾತು ಬಹಳ ಪ್ರಚಾರದಲ್ಲಿದೆ. ಇದು ಸರಿಯಲ್ಲ. ನೀರಿರುವ ಪದಾರ್ಥದೊಳಕ್ಕೆ ಹೊಕ್ಕ ತರಂಗ, ಹೋದಂತೆಲ್ಲ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸಾಮಾನ್ಯವಾದ ಆಹಾರಗಳಲ್ಲಿ ಮೇಲಿನ ಒಂದರಿಂದ ಮೂರು ಸೆಂಟಿಮೀಟರು ಆಳವನ್ನು ದಾಟುವುದರೊಳಗಾಗಿಯೇ ಅದರ ಶಕ್ತಿಯಲ್ಲಿ ಸುಮಾರು ಮೂರರಲ್ಲೆರಡು ಪಾಲು ಮುಗಿದಿರುತ್ತದೆ. ಉಪ್ಪು ಹೆಚ್ಚಿದ್ದರೆ ಈ ಆಳ ಇನ್ನೂ ಕಡಿಮೆ.

ದೇವನಹಳ್ಳಿಯ ಚಕ್ಕೋತ ಹೆಸರಾಂತ ಹಣ್ಣು. ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಆ ಹಣ್ಣನ್ನು ಕೊಯ್ದು ನೋಡಿದವರಿಗೆ ಅದರ ದಪ್ಪ ಸಿಪ್ಪೆ ನೆನಪಿರುತ್ತದೆ. ದೊಡ್ಡ ಗಾತ್ರದ ಯಾವುದೇ ಆಹಾರವನ್ನು ಮೈಕ್ರೋವೇವ್ ಒಲೆಯಲ್ಲಿಟ್ಟಾಗ, ತರಂಗಗಳಿಂದ ನೇರವಾಗಿ ಬಿಸಿಯಾಗುವ ಭಾಗವು ಸುಮಾರಾಗಿ ಆ ಸಿಪ್ಪೆಯಷ್ಟೆ. ಒಳಗಿನ ತೊಳೆಗಳಿಗೆ ಬಿಸಿ ಮುಟ್ಟಬೇಕಾದರೆ ಅದು ಸಿಪ್ಪೆಯಿಂದ ಮೆಲ್ಲಮೆಲ್ಲನೆ ಒಳಕ್ಕೆ ಹರಿದೇ ಬರಬೇಕು. ಇದಕ್ಕೆ ಉಷ್ಣವಹನವೆಂದು ಹೆಸರು. ಆಹಾರಪದಾರ್ಥಗಳು ಉಷ್ಣವನ್ನು ಬಹು ನಿಧಾನವಾಗಿ ಸಾಗಿಸುತ್ತವೆ. ಒಂದು ಸೆಂಟಿಮೀಟರು ದಪ್ಪವನ್ನು ದಾಟುವುದಕ್ಕೂ ಕೆಲವು ನಿಮಿಷಗಳು ಬೇಕು, ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟಾಗುತ್ತದೆ.

ಇಲ್ಲಿಯೇ ಈ ಲೇಖನದ ತಿರುಳಿದೆ. ಒಲೆಯು ಶಕ್ತಿಯನ್ನು ಸುರಿಯುವ ವೇಗ ಒಂದು. ಆಹಾರವು ಅದನ್ನು ತನ್ನ ಮೈಯೆಲ್ಲಕ್ಕೂ ಹಂಚಿಕೊಳ್ಳುವ ವೇಗ ಇನ್ನೊಂದು. ಮೊದಲನೆಯದು ಎರಡನೆಯದನ್ನು ಬಹಳವಾಗಿ ಮೀರಿದರೆ ಹೊರಗೆ ಒಣಗಿ ಸೀಯುತ್ತದೆ, ಒಳಗೆ ತಣ್ಣಗಿರುತ್ತದೆ. ಎರಡನ್ನೂ ಸರಿದೂಗಿಸುವುದೇ ಶಕ್ತಿಯ ಅಂಕೆಯ ಕೆಲಸ.

ಐವತ್ತು ಎಂದರೇನು?

ಅಂಕೆಯನ್ನು ಐವತ್ತಕ್ಕೆ ಇಟ್ಟರೆ ಒಲೆಯ ತರಂಗಗಳು ಅರ್ಧದಷ್ಟು ಬಲಹೀನವಾಗುತ್ತವೆಂದು ಊಹಿಸುವುದು ಸಹಜ. ಸಾಮಾನ್ಯವಾದ ಒಲೆಗಳಲ್ಲಿ ಹಾಗಾಗುವುದಿಲ್ಲ. ಅವುಗಳ ಮ್ಯಾಗ್ನೆಟ್ರಾನು ದುಡಿದರೆ ಪೂರ್ಣ ಬಲದಿಂದ ದುಡಿಯುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ಐವತ್ತು ಎಂದರೆ ಕಾಲದ ಅರ್ಧ ದುಡಿಮೆ, ಅರ್ಧ ವಿಶ್ರಾಂತಿ: ಹತ್ತು ಹದಿನೈದು ಸೆಕೆಂಡು ತರಂಗ ಹೊರಡುತ್ತದೆ, ಮತ್ತೆ ಅಷ್ಟೇ ಹೊತ್ತು ನಿಲ್ಲುತ್ತದೆ. ಮೂವತ್ತು ಎಂದರೆ ಕಾಲದ ಹತ್ತರಲ್ಲಿ ಮೂರು ಪಾಲು ದುಡಿಮೆ, ಏಳು ಪಾಲು ವಿಶ್ರಾಂತಿ. ಕಿವಿಗೊಟ್ಟು ಕೇಳಿದರೆ ಒಲೆಯ ಗುಂಯ್ ಎಂಬ ಸದ್ದು ಆಗಾಗ ದಪ್ಪವಾಗುವುದೂ ತೆಳುವಾಗುವುದೂ ತಿಳಿಯುತ್ತದೆ. ಇನ್ವರ್ಟರ್ ಎಂಬ ಹೆಸರಿನಿಂದ ಮಾರಾಟವಾಗುವ ಒಲೆಗಳು ಮಾತ್ರ ನಿಜವಾಗಿಯೂ ಬಲವನ್ನೇ ತಗ್ಗಿಸಿ ಎಡೆಬಿಡದೆ ಕಾಯಿಸಬಲ್ಲವು.

ನಡುನಡುವೆ ಬರುವ ಈ ವಿಶ್ರಾಂತಿ ವ್ಯರ್ಥ ಕಾಲವಲ್ಲ. ಆ ಹೊತ್ತಿನಲ್ಲಿ ಮೇಲ್ಪದರದ ಬಿಸಿ ಒಳಕ್ಕೆ ಸರಿಯುತ್ತದೆ. ಕೆಂಡದ ಮೇಲಿಟ್ಟ ಗಡಿಗೆಯನ್ನು ಆಗಾಗ ಕೆಳಗಿಳಿಸಿ ಮತ್ತೆ ಏರಿಸುವುದಕ್ಕೆ ಇದನ್ನು ಹೋಲಿಸಬಹುದು. ಒಲೆ ಪೂರ್ತಿ ನಿಂತ ಮೇಲೆಯೂ ಎರಡು ಮೂರು ನಿಮಿಷ ಆಹಾರವನ್ನು ಮುಚ್ಚಿಯೇ ಇಟ್ಟಿರಬೇಕೆಂದು ಹೇಳುವುದೂ ಇದೇ ಕಾರಣದಿಂದ.

ಹೆಪ್ಪುಗಟ್ಟಿದ ಮಾಂಸ

ಶಕ್ತಿಯ ಅಂಕೆ ಎಲ್ಲಕ್ಕಿಂತ ಹೆಚ್ಚು ಮುಖ್ಯವಾಗುವುದು ಶೀತಪೆಟ್ಟಿಗೆಯಲ್ಲಿ ಗಡ್ಡೆಕಟ್ಟಿದ ಮಾಂಸವನ್ನು ಕರಗಿಸುವಾಗ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಹರಳಿನ ಚೌಕಟ್ಟಿನಲ್ಲಿ ಸೆರೆಯಾಗಿರುವುದರಿಂದ ತರಂಗದೊಡನೆ ತಿರುಗಲಾರವು. ಶುದ್ಧವಾದ ಮಂಜುಗಡ್ಡೆಯು ತರಂಗಗಳನ್ನು ಹೀರುವ ಶಕ್ತಿ ದ್ರವ ನೀರಿನ ಶಕ್ತಿಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಮಾಂಸದಲ್ಲಿ ಉಪ್ಪಿನಂಶವೂ ಅಲ್ಪಸ್ವಲ್ಪ ಹೆಪ್ಪುಗಟ್ಟದ ನೀರೂ ಇರುವುದರಿಂದ ಅದು ಇದಕ್ಕಿಂತ ಮಿಗಿಲಾಗಿ ಹೀರಿಕೊಳ್ಳುತ್ತದೆ. ಆದರೂ ಕರಗಿದ ಭಾಗಕ್ಕೂ ಕರಗದ ಭಾಗಕ್ಕೂ ಅಂತರ ದೊಡ್ಡದು.

ಇದರ ಪರಿಣಾಮವೇನು? ಗಡ್ಡೆಯ ಅಂಚಿನಲ್ಲಿ ಎಲ್ಲಿಯೋ ಒಂದು ಕಡೆ ಮೊದಲು ನೀರಾಗುತ್ತದೆ. ನೀರಾದ ಆ ಭಾಗ ತರಂಗಗಳನ್ನು ಹೆಚ್ಚಾಗಿ ಹೀರುತ್ತದೆ. ಹೀರಿ ಇನ್ನಷ್ಟು ಬಿಸಿಯಾಗುತ್ತದೆ. ಉಳ್ಳವನಿಗೇ ಮತ್ತಷ್ಟು ದೊರೆಯುವ ಈ ನ್ಯಾಯದಲ್ಲಿ ಅಂಚು ಬೆಂದುಹೋದರೂ ನಡುವೆ ಕಲ್ಲಿನಂತೆ ಗಡ್ಡೆ ಉಳಿಯುತ್ತದೆ.

ಒಂದು ಲೆಕ್ಕ ಹಾಕೋಣ. ಅರ್ಧ ಕಿಲೋಗ್ರಾಂ ಮಾಂಸದಲ್ಲಿ ಸುಮಾರು 375 ಗ್ರಾಂ ನೀರಿರುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗುವುದಕ್ಕೆ 334 ಜೂಲ್ ಶಕ್ತಿ ಬೇಕು. ಎಂದ ಮೇಲೆ ಕರಗಿಸುವುದಕ್ಕಷ್ಟೇ ಸುಮಾರು 1,25,000 ಜೂಲ್ ಬೇಕಾಯಿತು. 800 ವಾಟಿನ ಒಲೆ ಪೂರ್ಣ ಶಕ್ತಿಯಲ್ಲಿ ಇಷ್ಟನ್ನು ಎರಡೂವರೆ ನಿಮಿಷದಲ್ಲಿ ಸುರಿದುಬಿಡುತ್ತದೆ. ಮೂವತ್ತರ ಅಂಕೆಯಲ್ಲಾದರೆ ಸುಮಾರು ಒಂಬತ್ತು ನಿಮಿಷ ತೆಗೆದುಕೊಳ್ಳುತ್ತದೆ. ಎರಡೂವರೆ ನಿಮಿಷದಲ್ಲಿ ಶಾಖವು ಗಡ್ಡೆಯ ನಡುವಿಗೆ ಹರಿಯಲಾರದು. ಒಂಬತ್ತು ನಿಮಿಷದಲ್ಲಿ ಬಹುಮಟ್ಟಿಗೆ ಹರಿಯಬಲ್ಲದು. ನಡುವೆ ಒಂದೆರಡು ಸಲ ಮಗುಚಿ, ಬಿಟ್ಟುಕೊಂಡ ತುಂಡುಗಳನ್ನು ಬೇರೆ ತೆಗೆದಿಟ್ಟರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಹೀಗೆ ಕರಗಿಸಿದ ಮಾಂಸವನ್ನು ಮತ್ತೆ ಎತ್ತಿಡದೆ ಒಡನೆಯೇ ಬೇಯಿಸಬೇಕು. ಅದರ ಅಂಚುಗಳು ಸೂಕ್ಷ್ಮಜೀವಿಗಳು ವೃದ್ಧಿಯಾಗುವಷ್ಟು ಬೆಚ್ಚಗಾಗಿರುತ್ತವೆ. ಹಿತಕಿದ ಅವರೆಬೇಳೆಯಂತಹ ಬಿಡಿಬಿಡಿಯಾದ ಕಾಳುಗಳಿಗೆ ಈ ತೊಡಕಿಲ್ಲ. ಅವು ಚಿಕ್ಕವಾಗಿರುವುದರಿಂದ, ಸ್ವಲ್ಪ ನೀರು ಚಿಮುಕಿಸಿ ಪೂರ್ಣ ಶಕ್ತಿಯಲ್ಲಿಯೇ ಕಾಯಿಸಬಹುದು.

ಮುದ್ದೆ ಮತ್ತು ಬಿರಿಯಾನಿ

ರಾಗಿ ಮುದ್ದೆ ಈ ಒಲೆಗೆ ಕಠಿನವಾದ ಪರೀಕ್ಷೆ. ಅದು ದುಂಡಗೆ, ಒತ್ತಾಗಿ, ಏಳೆಂಟು ಸೆಂಟಿಮೀಟರು ಅಗಲವಾಗಿರುತ್ತದೆ. ಸಾರಿನಂತೆ ಅದನ್ನು ಕದಡಲಾಗದು. ಒಳಗೆ ಶಾಖ ಸಾಗಲು ವಹನವೊಂದೇ ಮಾರ್ಗ. ಇಡೀ ಮುದ್ದೆಯನ್ನು ಪೂರ್ಣ ಶಕ್ತಿಯಲ್ಲಿಟ್ಟರೆ ಹೊರಮೈಯ ನೀರು ಆವಿಯಾಗಿ ಹೋಗಿ ತೊಗಲಿನಂತಹ ಪೊರೆ ಕಟ್ಟುತ್ತದೆ. ಮುರಿದರೆ ನಡುವೆ ತಣ್ಣಗಿರುತ್ತದೆ. ಅದನ್ನು ನಾಲ್ಕಾರು ಹೋಳು ಮಾಡಿ, ಅಂಗೈಯಿಂದ ಅಪ್ಪಳಿಸಿ ಎರಡು ಸೆಂಟಿಮೀಟರಿಗಿಂತ ದಪ್ಪವಿಲ್ಲದಂತೆ ತಟ್ಟಿ, ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಐವತ್ತರಿಂದ ಎಪ್ಪತ್ತರ ಅಂಕೆಯಲ್ಲಿ ಕಾಯಿಸಿದರೆ ಮತ್ತೆ ಮೃದುವಾಗುತ್ತದೆ. ಆರಿದ ಮುದ್ದೆ ಗಟ್ಟಿಯಾಗುವುದು ಬರಿಯ ನೀರು ಹೋದುದರಿಂದಲ್ಲ; ಅದರಲ್ಲಿರುವ ಪಿಷ್ಟದ ಅಣುಗಳು ಮತ್ತೆ ಸಾಲುಗೂಡುವುದರಿಂದ. ಬಿಸಿ ಮಾಡಿದಾಗ ಆ ಸಾಲು ಬಹುಪಾಲು ಸಡಿಲವಾಗುತ್ತದೆ. ಆದರೆ ಅತಿಯಾಗಿ ಕಾಯಿಸಿದರೆ ನೀರೂ ಹೋಗಿ, ಎರಡನೆಯ ಸಲ ಆರಿದಾಗ ಮೊದಲಿಗಿಂತಲೂ ಬಿರುಸಾಗುತ್ತದೆ. ಚಪಾತಿ, ಇಡ್ಲಿಗಳಿಗೂ ಇದೇ ಮಾತು ಸಲ್ಲುತ್ತದೆ.

ಹೊಸಕೋಟೆಯ ದಮ್ ಬಿರಿಯಾನಿಗೆ ನಸುಕಿನಲ್ಲಿಯೇ ಜನ ಸಾಲುಗಟ್ಟುತ್ತಾರೆಂಬುದು ಈಗ ದೂರದವರಿಗೂ ತಿಳಿದ ಸಂಗತಿ. ಕೊಂಡು ತಂದುದರಲ್ಲಿ ಮಿಕ್ಕದ್ದನ್ನು ಮಧ್ಯಾಹ್ನಕ್ಕೋ ರಾತ್ರಿಗೋ ಬಿಸಿ ಮಾಡಿ ಉಣ್ಣುವವರು ಹಲವರು. ಬಿರಿಯಾನಿಯಲ್ಲಿ ಮೂರು ಬಗೆಯ ಪದಾರ್ಥಗಳು ಕಲೆತಿವೆ: ಬೇಗ ಒಣಗುವ ಅನ್ನ, ದಪ್ಪನಾದ ಮಾಂಸದ ತುಂಡು, ಎರಡಕ್ಕೂ ಹತ್ತಿದ ಕೊಬ್ಬು. ಕೊಬ್ಬು ತರಂಗಗಳನ್ನು ನೀರಿನಷ್ಟು ಹೀರದಿದ್ದರೂ, ಅಲ್ಪ ಶಾಖದಿಂದಲೇ ಬೇಗ ಬಿಸಿಯೇರುತ್ತದೆ. ಪೂರ್ಣ ಶಕ್ತಿಯಲ್ಲಿ ಅನ್ನ ಹೊಗೆಯಾಡುತ್ತಿರುವಾಗಲೂ ತುಂಡಿನ ಎಲುಬಿನ ಬಳಿ ತಣ್ಣಗಿರಬಹುದು. ದೊಡ್ಡ ತುಂಡುಗಳನ್ನು ತಟ್ಟೆಯ ಅಂಚಿಗೆ ಸರಿಸಿ, ಅನ್ನವನ್ನು ತೆಳುವಾಗಿ ಹರಡಿ, ಒಂದೆರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಎಪ್ಪತ್ತರ ಅಂಕೆಯಲ್ಲಿ ಕಾಯಿಸಬೇಕು. ಅರ್ಧ ಕಾಲವಾದ ಮೇಲೆ ಒಮ್ಮೆ ಮಗುಚಬೇಕು.

ಇಲ್ಲಿ ರುಚಿಗಿಂತ ದೊಡ್ಡದಾದ ಪ್ರಶ್ನೆಯೊಂದಿದೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಇರಬಹುದು; ಅವು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯಬಲ್ಲವು. ಅನ್ನವನ್ನು ಬಹುಹೊತ್ತು ಹೊರಗಿಟ್ಟರೆ ಅವು ಮೊಳೆತು ವೃದ್ಧಿಯಾಗುತ್ತವೆ, ವಾಂತಿಯನ್ನುಂಟುಮಾಡುವ ವಿಷವನ್ನೂ ಕೆಲವೊಮ್ಮೆ ಉತ್ಪಾದಿಸುತ್ತವೆ. ಆ ವಿಷ ಬಿಸಿಗೆ ಅಳಿಯುವಂತಹುದಲ್ಲ. ಯಾವ ಅಂಕೆಯಲ್ಲಿ ಎಷ್ಟು ಹೊತ್ತು ಕಾಯಿಸಿದರೂ ಅದು ಹೋಗದು. ಆದುದರಿಂದ ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದೆಂದೂ, ಬಿಸಿ ಮಾಡುವಾಗ ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ಮೀರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಮೊದಲನೆಯ ನಿಯಮವನ್ನು ಶೀತಪೆಟ್ಟಿಗೆ ಪಾಲಿಸಬೇಕು; ಎರಡನೆಯದನ್ನು ಒಲೆ ಪಾಲಿಸಬೇಕು. ಹೊರಗೆ ಸುಡುತ್ತ ಒಳಗೆ ತಣ್ಣಗಿರುವ ತಟ್ಟೆ ಎರಡನೆಯ ನಿಯಮವನ್ನು ಮುರಿದ ತಟ್ಟೆ.

ಹಾಲು, ನೀರು, ಹೋಳಿಗೆ

ಸಾರು, ಬಸ್ಸಾರು, ಕಾಫಿ ಮುಂತಾದ ದ್ರವಗಳನ್ನು ಪೂರ್ಣ ಶಕ್ತಿಯಲ್ಲಿ ಕಾಯಿಸಬಹುದು. ನಡುವೆ ಒಂದು ಸಲ ಕದಡಿದರೆ ಬಿಸಿ ಎಲ್ಲೆಡೆಗೂ ಹರಡುತ್ತದೆ. ಹಾಲು ದ್ರವವೇ ಆದರೂ ಕಾದಂತೆ ಕೆನೆಪೊರೆ ಕಟ್ಟಿ, ಆವಿಯನ್ನು ತಡೆದು ಉಕ್ಕುವುದರಿಂದ, ಅದಕ್ಕೆ ಐವತ್ತರಿಂದ ಎಪ್ಪತ್ತರ ಅಂಕೆಯೂ ಎತ್ತರದ ಪಾತ್ರೆಯೂ ಲೇಸು.

ಕೂಸಿಗೆ ಕೊಡುವ ಹಾಲಿನ ವಿಷಯ ಬೇರೆ. ಸೀಸೆಯ ಹಾಲನ್ನು ಮೈಕ್ರೋವೇವ್ ಒಲೆಯಲ್ಲಿ ಯಾವ ಅಂಕೆಯಲ್ಲಿಯೂ ಕಾಯಿಸಬಾರದು. ಗಾಜು ತರಂಗವನ್ನು ಹೀರದಿರುವುದರಿಂದ ಸೀಸೆಯ ಹೊರಮೈ ಬರಿಯ ಬೆಚ್ಚಗಿರುವಾಗಲೇ ಒಳಗಿನ ಹಾಲಿನಲ್ಲಿ ಅಲ್ಲಲ್ಲಿ ಬಾಯಿ ಸುಡುವಷ್ಟು ಬಿಸಿಯಿರಬಹುದು. ಸೀಸೆಯನ್ನು ಮುಟ್ಟಿ ನೋಡಿದ ಅಜ್ಜಿಯ ಕೈ ಹದವಾಗಿದೆಯೆಂದು ಹೇಳುತ್ತದೆ. ಕೂಸಿನ ನಾಲಿಗೆಗೆ ತಗಲುವುದು ಬೇರೆಯ ಬಿಸಿ. ಬಿಸಿನೀರಿನ ಬಟ್ಟಲಿನಲ್ಲಿ ಸೀಸೆಯನ್ನಿಟ್ಟು ಬೆಚ್ಚಗೆ ಮಾಡಿ, ಅಲ್ಲಾಡಿಸಿ, ಮುಂಗೈ ಮೇಲೆ ಎರಡು ಹನಿ ಬಿಟ್ಟು ನೋಡುವ ಹಳೆಯ ಪದ್ಧತಿಗೆ ಸಮನಾದುದಿಲ್ಲ.

ಬರಿಯ ನೀರಿಗೂ ಒಂದು ಅಪಾಯವುಂಟು. ನಾವು ಹೇಳುತ್ತಿರುವ ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಪ್ರಸ್ಥಭೂಮಿಯಲ್ಲಿವೆ. ಇಲ್ಲಿ ನೀರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಒಲೆಯ ಮೇಲೆ ಕಾಯಿಸುವಾಗ ಪಾತ್ರೆಯ ಬಿಸಿ ತಳದಲ್ಲಿ ಗುಳ್ಳೆಗಳು ಹುಟ್ಟುತ್ತವೆ. ನುಣುಪಾದ ಗಾಜಿನ ಲೋಟದಲ್ಲಿ ಮೈಕ್ರೋವೇವಿನಿಂದ ಕಾಯಿಸಿದಾಗ ಗುಳ್ಳೆ ಹುಟ್ಟಲು ನೆಲೆ ಸಿಗದೆ, ನೀರು ಕುದಿಬಿಂದುವನ್ನು ದಾಟಿಯೂ ನಿಶ್ಚಲವಾಗಿರಬಹುದು. ಅದಕ್ಕೆ ಚಮಚ ಹಾಕಿದೊಡನೆ, ಇಲ್ಲವೆ ಕಾಫಿಪುಡಿ ಸುರಿದೊಡನೆ, ಒಮ್ಮೆಗೇ ಉಕ್ಕಿ ಮುಖಕ್ಕೆ ಎರಚುತ್ತದೆ. ಮೊದಲೇ ಒಂದು ಮರದ ಕಡ್ಡಿಯನ್ನು ಲೋಟದಲ್ಲಿಟ್ಟು ಕಾಯಿಸಿ, ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ತೆಗೆಯುವುದು ಕ್ಷೇಮ. 200 ಗ್ರಾಂ ನೀರು 25ರಿಂದ 97 ಡಿಗ್ರಿಗೆ ಏರಲು ಬೇಕಾದುದು ಸುಮಾರು 60,000 ಜೂಲ್. 800 ವಾಟಿನ ಒಲೆಗೆ ಇದು ಒಂದೂಕಾಲು ನಿಮಿಷದ ಕೆಲಸ. ಸ್ವಲ್ಪ ನಷ್ಟವನ್ನು ಸೇರಿಸಿದರೂ ಒಂದು ಲೋಟ ನೀರಿಗೆ ಐದು ನಿಮಿಷವಿಡುವುದು ಅನಾವಶ್ಯಕ.

ಹಬ್ಬದ ಮರುದಿನ ಹೋಳಿಗೆ ಬಿಸಿ ಮಾಡುವವರೂ ಎಚ್ಚರದಿಂದಿರಬೇಕು. ಹೊರಗಿನ ಕಣಕ ತೆಳುವು, ಅದರಲ್ಲಿ ನೀರು ಕಡಿಮೆ. ಒಳಗಿನ ಬೇಳೆ ಬೆಲ್ಲದ ಹೂರಣದಲ್ಲಿ ನೀರಿನಂಶ ಹೆಚ್ಚು. ಆದುದರಿಂದ ಇಲ್ಲಿ ಒಳಗೇ ಬಿಸಿ ಹೆಚ್ಚಾಗುತ್ತದೆ. ಕಣಕ ಬೆಚ್ಚಗಿದೆಯೆಂದು ಬಾಯಿಗಿಟ್ಟರೆ ಹೂರಣ ನಾಲಿಗೆ ಸುಟ್ಟೀತು. ಐವತ್ತರ ಅಂಕೆಯಲ್ಲಿ ಕೆಲವೇ ಸೆಕೆಂಡು ಸಾಕು.

ಸಣ್ಣ ಗುಂಡು ಪದಾರ್ಥಗಳು ಇನ್ನೊಂದು ಅಪವಾದ. ಮೊಟ್ಟೆಯಷ್ಟು ಗಾತ್ರದ ದುಂಡು ವಸ್ತುವಿನಲ್ಲಿ ಎಲ್ಲ ಕಡೆಯಿಂದಲೂ ಬಂದ ತರಂಗಗಳು ಬಾಗಿ ನಡುವಿನಲ್ಲಿ ಕೂಡುತ್ತವೆ. ಒಳಗೆ ಆವಿ ಹುಟ್ಟಿ, ಹೊರಬರಲು ದಾರಿಯಿಲ್ಲದೆ ಸಿಡಿಯುತ್ತದೆ. ಆದುದರಿಂದ ಚಿಪ್ಪಿನ ಮೊಟ್ಟೆಯನ್ನು, ಬೇಯಿಸಿದ ಮೊಟ್ಟೆಯನ್ನಾದರೂ, ಇಡಿಯಾಗಿ ಈ ಒಲೆಯಲ್ಲಿಡಬಾರದು. ಆಲೂಗಡ್ಡೆಗೆ ನಾಲ್ಕು ಕಡೆ ಚುಚ್ಚಿಯೇ ಇಡಬೇಕು. ಜೋಡಿ ದ್ರಾಕ್ಷಿಗಳನ್ನಿಟ್ಟರೆ ಅವು ಕೂಡುವೆಡೆಯಲ್ಲಿ ಕಿಡಿಯೇಳುವುದಕ್ಕೂ ಮೂಲ ಇದೇ ಎಂದು 2019ರಲ್ಲಿ ಕೆನಡದ ಭೌತವಿಜ್ಞಾನಿಗಳು ತೋರಿಸಿದರು: ನೀರಿನೊಳಗೆ ಆ ತರಂಗದ ಉದ್ದ ಕೇವಲ 1.4 ಸೆಂಟಿಮೀಟರಾಗುವುದರಿಂದ, ದ್ರಾಕ್ಷಿಯು ಅದನ್ನು ತನ್ನೊಳಗೆ ಹಿಡಿದಿಡಲು ಸರಿಯಾದ ಗಾತ್ರದ್ದಾಗಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ತೋಟಗಳ ಕಪ್ಪು ದ್ರಾಕ್ಷಿಯಲ್ಲಿ ಯಾರೂ ಇದನ್ನು ಮಾಡಿ ನೋಡಬಾರದು, ಒಲೆ ಕೆಡುತ್ತದೆ.

ನಿಮ್ಮ ಒಲೆಯ ಬಲವನ್ನು ಅಳೆಯಿರಿ

ಒಂದು ಮನೆಯಲ್ಲಿ ಎರಡು ನಿಮಿಷಕ್ಕೆ ಹದವಾದ ಪಲ್ಯ ಇನ್ನೊಂದು ಮನೆಯಲ್ಲಿ ಸೀದುಹೋಗುವುದುಂಟು. ಒಲೆಗಳ ವಾಟು ಬೇರೆ ಬೇರೆ. ಹಳೆಯ ಒಲೆಯ ಬಲ ಕುಂದಿರಬಹುದು. ಸಂಜೆ ವಿದ್ಯುತ್ತಿನ ವೋಲ್ಟೇಜು ತಗ್ಗಿದರೆ ಒಲೆಯ ಬಲವೂ ತಗ್ಗುತ್ತದೆ. ಒಲೆಯ ಬೆನ್ನಿನ ಮೇಲೆ ನಮೂದಿಸಿರುವ ದೊಡ್ಡ ಅಂಕೆ ಬಹುವೇಳೆ ಅದು ವಿದ್ಯುತ್ ತಂತಿಯಿಂದ ಎಳೆದುಕೊಳ್ಳುವ ಶಕ್ತಿ. ಆಹಾರಕ್ಕೆ ಕೊಡುವ ಶಕ್ತಿಯಲ್ಲ.

ನಿಜವಾದ ಬಲವನ್ನು ವಾಚಕರು ಸ್ವತಃ ಅಳೆಯಬಹುದು. ಗಾಜಿನ ಬೋಗುಣಿಯಲ್ಲಿ ಒಂದು ಲೀಟರು ತಣ್ಣೀರು ಹಾಕಿ ಉಷ್ಣತಾಮಾಪಕದಿಂದ ಅದರ ಉಷ್ಣತೆಯನ್ನು ಗುರುತಿಸಿಕೊಳ್ಳಿ. ಮಾಪಕವನ್ನು ಹೊರತೆಗೆದು, ಪೂರ್ಣ ಶಕ್ತಿಯಲ್ಲಿ ಸರಿಯಾಗಿ ಒಂದು ನಿಮಿಷ ಕಾಯಿಸಿ. ಹೊರತೆಗೆದು, ಚೆನ್ನಾಗಿ ಕದಡಿ, ಮತ್ತೆ ನೋಡಿ. ಎಷ್ಟು ಡಿಗ್ರಿ ಏರಿತೋ ಅದನ್ನು 70ರಿಂದ ಗುಣಿಸಿದರೆ ಒಲೆಯ ಬಲ ವಾಟುಗಳಲ್ಲಿ ದೊರೆಯುತ್ತದೆ. ಹತ್ತು ಡಿಗ್ರಿ ಏರಿದರೆ 700 ವಾಟು. ಕಾರಣ ಸುಲಭ: ಒಂದು ಲೀಟರು ನೀರಿನ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 4,190 ಜೂಲ್ ಬೇಕು, ಅದನ್ನು 60 ಸೆಕೆಂಡುಗಳಿಗೆ ಹಂಚಿದರೆ ಸುಮಾರು 70 ಬರುತ್ತದೆ. ಪಾಕವಿಧಾನದಲ್ಲಿ 800 ವಾಟಿಗೆ ಹೇಳಿದ ಕಾಲವನ್ನು 700 ವಾಟಿನ ಒಲೆಯಲ್ಲಿ ಸುಮಾರು ಏಳನೆಯ ಒಂದು ಪಾಲು ಹೆಚ್ಚಿಸಿಕೊಳ್ಳಬೇಕು. ಆಹಾರದ ತೂಕ ಇಮ್ಮಡಿಯಾದರೆ ಕಾಲವೂ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆಂಬುದನ್ನೂ ನೆನಪಿಡಬೇಕು. ಸುರಿಯುವ ಶಕ್ತಿ ಅಷ್ಟೇ, ಹಂಚಿಕೊಳ್ಳುವವರು ಹೆಚ್ಚು.

ಅಂಕೆಗಳ ಸಂಗ್ರಹ

ಮೇಲೆ ವಿವರಿಸಿದುದನ್ನು ಹೀಗೆ ಒಟ್ಟುಗೂಡಿಸಬಹುದು.

ನೂರು: ಸಾರು, ಕಾಫಿ, ನೀರು, ಸೊಪ್ಪು, ಹುರುಳಿಕಾಯಿ ಮುಂತಾದ ಹಸಿ ತರಕಾರಿ, ಬಿಡಿಕಾಳು, ಹಪ್ಪಳ. ಕದಡಲು ಬರುವಂಥವು, ತೆಳುವಾದವು, ನೀರು ತುಂಬಿದವು ಈ ಗುಂಪಿನವು.

ಎಪ್ಪತ್ತು: ಅನ್ನ, ಬಿರಿಯಾನಿ, ಪಲ್ಯ, ಎರಡು ಮೂರು ಬಗೆಯ ಪದಾರ್ಥಗಳನ್ನು ಒಟ್ಟಿಗೆ ಬಡಿಸಿದ ಊಟದ ತಟ್ಟೆ.

ಐವತ್ತು: ಮುದ್ದೆಯ ದಪ್ಪ ಹೋಳು, ಮಾಂಸದ ದೊಡ್ಡ ತುಂಡು, ಹಾಲು, ಪನೀರು, ಒಡೆದು ಕಲಕಿದ ಮೊಟ್ಟೆ, ಹೋಳಿಗೆ.

ಮೂವತ್ತು: ಹೆಪ್ಪುಗಟ್ಟಿದ ಮಾಂಸವನ್ನೂ ಮೀನನ್ನೂ ಬಿಡಿಸುವುದು, ಬೆಣ್ಣೆ ಕರಗಿಸುವುದು.

ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾದುದಿಲ್ಲ. ಹೊಸ ಪದಾರ್ಥವೊಂದು ಎದುರಾದಾಗ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇದರ ದಪ್ಪ ಎಷ್ಟು? ಇದನ್ನು ಕದಡಲು ಬರುತ್ತದೆಯೇ? ತೆಳುವಾಗಿದ್ದರೆ, ಕದಡಲು ಬಂದರೆ, ಅಂಕೆಯನ್ನು ಏರಿಸಬಹುದು. ದಪ್ಪವಾಗಿ, ಕದಡಲು ಬಾರದಂತಿದ್ದರೆ ಅಂಕೆಯನ್ನು ಇಳಿಸಿ ಕಾಲವನ್ನು ಹೆಚ್ಚಿಸಬೇಕು. ಸೌದೆಯ ಒಲೆಯ ಮುಂದೆ ಕುಳಿತ ನಮ್ಮ ಹಿರಿಯರು ದೊಡ್ಡ ಉರಿ, ಸಣ್ಣ ಉರಿ, ಬರಿಯ ಕೆಂಡ ಎಂದು ಮಾಡುತ್ತಿದ್ದ ವಿಭಾಗಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಶಾಖವು ಆಹಾರದೊಳಕ್ಕೆ ಇಳಿಯಲು ತನ್ನದೇ ಆದ ಕಾಲವನ್ನು ಕೇಳುತ್ತದೆ; ರಾತ್ರಿ ಪಾಳಿ ಮುಗಿಸಿ ಬಂದವನ ಹಸಿವು ಎಷ್ಟೇ ಆತುರದ್ದಾಗಿದ್ದರೂ, ಇನ್ನೆರಡು ನಿಮಿಷ ತಾಳಿದರೆ ಊಟ ರುಚಿಯಾಗಿಯೂ ಇರುತ್ತದೆ, ನಿರಪಾಯವಾಗಿಯೂ ಇರುತ್ತದೆ.